ಕೂರುವ ಮುಯ್ಯಿ

ಬಸ್ಸು ನಾಲೆಗೆ ಇಳಿದ ದಿನ ನನಗೆ ಒಂದು ಗೀರೂ ಆಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲಿನ ಕಥೆ ಕೇಳಿದವರೆಲ್ಲ ಕಟ್ಟು ಎಲ್ಲಿ ಹಾಕಿದ್ದರು ಎನ್ನುವಂತೆ ನನ್ನ ಕೈಕಾಲುಗಳನ್ನೇ ನೋಡುತ್ತಾರೆ. ಎಲ್ಲೂ ಹಾಕಿರಲಿಲ್ಲ. ಆ ಬಸ್ಸಿನಲ್ಲಿದ್ದ ಯಾರಿಗೂ ದೊಡ್ಡ ಪೆಟ್ಟಾಗಲಿಲ್ಲ.

ನಡೆದದ್ದು ಇಷ್ಟು. ಚನ್ನಗಿರಿಯಿಂದ ಹೊನ್ನಾಳಿಗೆ ಬರುತ್ತಿದ್ದೆ. ಭತ್ತದ ಕೊಯ್ಲಿನ ಕಾಲ. ಹಿಂದಿನ ದಿನ ಅಕಾಲದ ಮಳೆ ಬಿದ್ದಿತ್ತು. ನಾಲೆಯ ಏರಿಯ ಮೇಲಿನ ರಸ್ತೆಯಲ್ಲಿ ಎದುರಿನಿಂದ ಕೊಯ್ಲಿನ ಯಂತ್ರವೊಂದು ಬಂತು. ಅದಕ್ಕೆ ದಾರಿ ಬಿಡಲು ಡ್ರೈವರು ಎಡಕ್ಕೆ ಸರಿದ. ಎಡಗಡೆಯ ಮಣ್ಣು ಮೆತ್ತಗಿತ್ತು. ಬಸ್ಸು ಉರುಳಲಿಲ್ಲ, ಎಮ್ಮೆ ನೀರಿಗೆ ಇಳಿಯುವ ಹಾಗೆ ಇಳಿಯಿತು. ಮೊದಲು ಮುಂದಿನ ಎಡಗಾಲಿ, ಆಮೇಲೆ ಹಿಂದಿನದು, ಆಮೇಲೆ ಇಡೀ ಮೈ ಒಂದು ಮಗ್ಗುಲಿಗೆ. ನೀರು ನನ್ನ ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ಅಲ್ಲಿ ನಿಂತಿತು. ಬಲಗಡೆಯ ಕಿಟಕಿಗಳಲ್ಲಿ ಬರೀ ಆಕಾಶ ಕಾಣುತ್ತಿತ್ತು. ಗದ್ದೆಯಲ್ಲಿದ್ದವರು ಓಡಿ ಬಂದು ಆ ಕಿಟಕಿಗಳಿಂದ ನಮ್ಮನ್ನು ಒಬ್ಬೊಬ್ಬರಾಗಿ ಎಳೆದುಕೊಂಡರು. ನನ್ನ ಮುಂದಿದ್ದ ಹೆಂಗಸು ಕೈ ಕೊಡುವ ಮೊದಲು ತನ್ನ ಟಿಫನ್ ಕ್ಯಾರಿಯರ್ ಕೊಟ್ಟಳು. "ಮೊದ್ಲು ಇದನ್ನ ಹಿಡ್ಕೊಳ್ರಿ, ಒಳಗೆ ಸಾರೈತೆ, ಅಡ್ಡ ಮಾಡಬ್ಯಾಡ್ರಿ" ಎಂದಳು. ಬಸ್ಸೇ ಅಡ್ಡ ಬಿದ್ದಿತ್ತು. ಏರಿಯ ಮೇಲೆ ಕೂತು ಎಲ್ಲರೂ ಅದನ್ನು ನೆನೆದು ನಕ್ಕೆವು. ನಾನೂ ನಕ್ಕೆ. ಒದ್ದೆ ಪ್ಯಾಂಟಿನಲ್ಲೇ ಮನೆಗೆ ಬಂದು, ಸ್ನಾನ ಮಾಡಿ, ಊಟ ಮಾಡಿ, ಚೆನ್ನಾಗಿ ನಿದ್ದೆ ಮಾಡಿದೆ.

ಹೆದರಿಕೆ ಬಂದದ್ದು ಆಮೇಲೆ. ಒಂದು ಬೆಳಿಗ್ಗೆ ಹೆಂಡತಿ ಸೊಪ್ಪು ತರಲು ಹೋಗಿದ್ದಳು. ಗಾಳಿಗೆ ಮುಂಬಾಗಿಲು ತಾನಾಗಿ ಮುಚ್ಚಿಕೊಂಡಿತು. ನಾನು ಕುರ್ಚಿಯಲ್ಲಿ ಕೂತಿದ್ದೆ. ಪಾದ ತಣ್ಣಗಾಯಿತು. ತಣ್ಣಗಿನದು ಮೊಣಕಾಲಿಗೆ ಏರಿತು, ಸೊಂಟಕ್ಕೆ ಏರಿತು. ನೆಲ ಒಣಗಿತ್ತು, ಅದು ನನಗೆ ಕಾಣುತ್ತಿತ್ತು. ಆದರೂ ಉಸಿರು ಸಿಗಲಿಲ್ಲ. ಬಾಗಿಲು ತೆಗೆದು ರಸ್ತೆಗೆ ಓಡಿ, ಹೆಂಡತಿ ಬರುವವರೆಗೂ ಗೇಟು ಹಿಡಿದುಕೊಂಡು ನಿಂತೆ. ಅಂದಿನಿಂದ ಮನೆಯಲ್ಲಿ ಒಬ್ಬನೇ ಇರಲು ಆಗಲಿಲ್ಲ.

ನಾನು ಸರ್ವೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಮೊದಲ ಪೋಸ್ಟಿಂಗ್ ಜಗಳೂರು. ಅಲ್ಲಿಯ ಬಯಲಿನಲ್ಲಿ ಕಣ್ಣು ಹಾಯುವಷ್ಟು ದೂರ ಒಂದು ನರಪಿಳ್ಳೆ ಇಲ್ಲದ ಕಡೆ ಗಡಿಕಲ್ಲು ಹುಡುಕುತ್ತ ಇಡೀ ದಿನ ಒಬ್ಬನೇ ಅಲೆದಿದ್ದೇನೆ. ಆಮೇಲೆ ನ್ಯಾಮತಿ, ಚನ್ನಗಿರಿ, ಕೊನೆಗೆ ಹೊನ್ನಾಳಿ. ಒಂಟಿತನ ಎಂದರೆ ನನಗೆ ಕೆಲಸದ ಒಂದು ಭಾಗವಾಗಿತ್ತು. ಅಂಥವನು ಈಗ ಹೆಂಡತಿ ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ನಿಂತು ಏನಾದರೂ ಮಾತಾಡಿಸುತ್ತಿದ್ದೆ.

ಹೆಂಡತಿ ಊರಿನ ಸರ್ಕಾರಿ ಶಾಲೆಯಲ್ಲಿ ಟೀಚರ್. ನನಗಾಗಿ ಹಾಕಿದ ರಜೆಯೆಲ್ಲ ಮುಗಿದ ಮೇಲೆ ನನ್ನನ್ನೂ ಶಾಲೆಗೆ ಕರೆದುಕೊಂಡು ಹೋಗತೊಡಗಿದಳು. ವರಾಂಡದ ಬೆಂಚಿನ ಮೇಲೆ ಕೂರುತ್ತಿದ್ದೆ. ಒಂದು ಪುಟ್ಟ ಹುಡುಗಿ ಬಂದು, "ಸಾರ್, ನೀವು ಎಷ್ಟನೇ ಕ್ಲಾಸು?" ಎಂದು ಕೇಳಿತು. ನಾನು ಉತ್ತರ ಹುಡುಕುವಷ್ಟರಲ್ಲಿ ಇನ್ನೊಂದು, "ಲೇ, ಅವ್ರು ಟೀಚರ್ ಮನೆಯವ್ರು, ಫೇಲಾಗ್ಯಾರೆ" ಎಂದಿತು.

ಇಷ್ಟರಲ್ಲೇ ಹೇಗೋ ನಡೆದುಹೋಗುತ್ತಿತ್ತೇನೋ. ಆದರೆ ಹೆಂಡತಿಗೆ ಬಡ್ತಿಯ ಆದೇಶ ಬಂತು. ಬಹಳ ವರ್ಷ ಕಾದಿದ್ದ ಬಡ್ತಿ. ಬಸವಾಪಟ್ಟಣದ ಕಡೆಯ ಒಂದು ಹಳ್ಳಿಯ ಶಾಲೆಗೆ ಮುಖ್ಯೋಪಾಧ್ಯಾಯಿನಿ. ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ದಿನ ಹಾಜರಾಗಬೇಕು, ಇಲ್ಲವೇ ಬಡ್ತಿ ಬೇಡವೆಂದು ಬರೆದುಕೊಡಬೇಕು. ಬೆಳಿಗ್ಗೆ ಹೊರಟರೆ ಬರುವುದು ಸಂಜೆ. ಹೋಗುವುದು ಬಸ್ಸಿನಲ್ಲಿ. ಬಸ್ಸು ಹೋಗುವುದು ಅದೇ ನಾಲೆಯ ಏರಿಯ ಮೇಲೆ. ನಾನು ಜೊತೆಗೆ ಹೋಗುವಂತಿಲ್ಲ, ಬಸ್ಸು ನೋಡಿದರೇ ನನ್ನ ಕಾಲು ತಣ್ಣಗಾಗುತ್ತಿತ್ತು. ಮನೆಯಲ್ಲಿ ಇರುವಂತೆಯೂ ಇಲ್ಲ. ಅವಳು ಆ ಆದೇಶವನ್ನು ದೇವರ ಗೂಡಿನಲ್ಲಿ ಇಟ್ಟಳು.

ನಮ್ಮನ್ನು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದವಳು ನಮ್ಮ ಬಡಾವಣೆಯ ಆಶಾ ಕಾರ್ಯಕರ್ತೆ. ಅಲ್ಲಿ ತಿಂಗಳಿಗೊಮ್ಮೆ ಮನೋವೈದ್ಯರು ಬರುತ್ತಾರೆ. ಚಿಕ್ಕ ವಯಸ್ಸಿನ ಡಾಕ್ಟರು, ನನ್ನ ಮಾತನ್ನು ಪೂರ್ತಿ ಕೇಳಿದರು. ಇದಕ್ಕೊಂದು ಹೆಸರಿದೆ, ಬಹಳ ಜನರಿಗೆ ಆಗುತ್ತದೆ, ವಾಸಿಯೂ ಆಗುತ್ತದೆ ಎಂದರು. ಮಾತ್ರೆ ಬರೆದುಕೊಟ್ಟರು. ಆಮೇಲೆ ಹೇಳಿದ ಮಾತು ಮುಖ್ಯವಾದದ್ದು: ಮೊದಲು ಯಾರಾದರೂ ಜೊತೆಗೆ ಕೂರಲಿ, ಆಮೇಲೆ ಪಕ್ಕದ ಕೋಣೆಯಲ್ಲಿ ಕೂರಲಿ, ಆಮೇಲೆ ಮನೆಯ ಹೊರಗೆ, ಹೀಗೆ ನಿಧಾನವಾಗಿ ದೂರ ಸರಿಯಬೇಕು, ಎಷ್ಟು ಹೆಚ್ಚು ಜನರಿದ್ದರೆ ಅಷ್ಟು ಒಳ್ಳೆಯದು.

"ಜನ ಎಲ್ಲಿಂದ ತರೋಣ ಡಾಕ್ಟ್ರೇ?" ಎಂದಳು ನನ್ನ ಹೆಂಡತಿ. ಅದು ನಿಜವಾದ ಪ್ರಶ್ನೆ.

ನಮ್ಮ ಬಡಾವಣೆ ಕೆಲವೇ ವರ್ಷಗಳ ಹಿಂದೆ ಗದ್ದೆಯಾಗಿತ್ತು. ಈಗ ಸೈಟುಗಳು, ಸೈಟಿಗೊಂದು ಮನೆ, ಮನೆಗೊಂದು ತಲೆ ಎತ್ತರದ ಕಾಂಪೌಂಡು. ಗೋವಿನಕೋವಿಯವರು, ನಲ್ಲೂರಿನವರು, ನ್ಯಾಮತಿಯವರು, ಎಲ್ಲಿಂದಲೋ ಬಂದ ಬಾಡಿಗೆಯವರು, ಎಲ್ಲ ಸೇರಿಕೊಂಡಿದ್ದೆವು. ಹಳ್ಳಿಯಲ್ಲಿ ಜಗಲಿಯಿಂದ ಜಗಲಿಗೆ ಮಾತಾಡುತ್ತಿದ್ದವರು ಇಲ್ಲಿ ಪಕ್ಕದ ಮನೆಯವರನ್ನು ಕಾರಿನ ಬಣ್ಣದಿಂದ ಗುರುತಿಸುತ್ತಿದ್ದರು. ಎದುರುಮನೆಯ ಅಜ್ಜಿಯ ಜೊತೆಗೆ ನಾನು ಅಷ್ಟು ದಿನ ಆಡಿದ್ದ ಮಾತು, ನಲ್ಲಿ ಬಂತಾ, ಬಂತು, ಅಷ್ಟೇ.

ಆಶಾ ಕಾರ್ಯಕರ್ತೆ ಮನೆಮನೆಗೆ ಹೋಗಿ ವಿಷಯ ಹೇಳಿದಳು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಮಾರನೆಯ ದಿನ ಎದುರುಮನೆ ಅಜ್ಜಿ ನಮ್ಮ ಗೇಟಿಗೆ ಬಂದಳು. ಗೋವಿನಕೋವಿಯಲ್ಲಿ ಗದ್ದೆ ಮಾಡಿಸಿದ ಹೆಂಗಸು, ಮಗ ಇಲ್ಲಿ ಮನೆ ಕಟ್ಟಿಸಿದ ಮೇಲೆ ಬಂದವಳು. ಮೊದಲ ಸಲ ಬಾಯಿಬಿಟ್ಟು ಮಾತಾಡುವಾಗಲೇ ಏಕವಚನ.

"ಸುಮ್ನೆ ಬಂದು ಕೂರಾಕೆ ನಾನೇನು ಬಿಟ್ಟಿ ಬಿದ್ದಿಲ್ಲಪ್ಪ. ಮುಯ್ಯಿ ಅಂದ್ರೆ ಬರ್ತೀನಿ."

ನಮ್ಮ ಕಡೆ ಹುಟ್ಟಿದವರಿಗೆ ಮುಯ್ಯಿ ಗೊತ್ತು. ಇವತ್ತು ನಾನು ನಿನ್ನ ಗದ್ದೆಯಲ್ಲಿ ನಾಟಿ ಹಾಕಿದರೆ ನಾಳೆ ನೀನು ನನ್ನ ಗದ್ದೆಯಲ್ಲಿ ಹಾಕಬೇಕು. ಕೂಲಿಯಿಲ್ಲ, ಉಪಕಾರವೂ ಅಲ್ಲ. ಕೆಲಸಕ್ಕೆ ಅದೇ ಕೆಲಸ. ಗದ್ದೆಯಿಲ್ಲದ ಬಡಾವಣೆಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

"ನಾನು ಏನು ತೀರಿಸ್ಲಿ ಅಜ್ಜಿ?" ಎಂದೆ.

"ನಾಟಿಗೆ ನಾಟಿ, ಕಳೆಗೆ ಕಳೆ. ಕೂತಿದ್ದಕ್ಕೆ ಕೂರಾದು. ನಂಗೆ ಬೇಕಾದಾಗ ಹೇಳ್ತೀನಿ."

ಮುಯ್ಯಿ ಎಂದ ತಕ್ಷಣ ಬಡಾವಣೆಯ ಜನ ಬದಲಾದರು. ಹುಷಾರಿಲ್ಲದವರ ಮನೆಗೆ ಸುಮ್ಮನೆ ಹೋಗಿ ಕೂರುವುದು ಹೇಗೆ ಎಂದು ಹಿಂಜರಿದವರಿಗೆ ಇದರ ರೀತಿನೀತಿ ಗೊತ್ತಿತ್ತು. ಹೊತ್ತಿಗೆ ಸರಿಯಾಗಿ ಬರುತ್ತಿದ್ದರು. ಕಾಫಿ ಕೊಟ್ಟರೆ ಕುಡಿಯುತ್ತಿದ್ದರು, ಹೆಚ್ಚು ಉಪಚಾರ ಮಾಡಿದರೆ ಬಯ್ಯುತ್ತಿದ್ದರು.

ಮೂಲೆಯ ಶೆಡ್ಡಿನಲ್ಲಿ ಹಾಸಿಗೆ ಹೊಲಿಯುವ ಭಾಯ್ ಬರುತ್ತಿದ್ದರು. ಅವರಿಗೆ ಕೈ ಕಟ್ಟಿ ಕೂರಲು ಬಾರದು. ಯಾರದೋ ಮನೆಯ ಹಳೆಯ ಹಾಸಿಗೆಯನ್ನು ನಮ್ಮ ಪೋರ್ಟಿಕೋಗೇ ತಂದು, ಬಿಚ್ಚಿ, ಅರಳೆಯನ್ನು ಕೋಲಿನಿಂದ ಬಡಿಯತೊಡಗಿದರು. ಮನೆಯೊಳಗೆಲ್ಲ ಅರಳೆಯ ಹಿಂಜಲು. ಅಜ್ಜಿ ಮೂಗಿಗೆ ಸೆರಗು ಹಿಡಿದುಕೊಂಡು, "ಏ ಭಾಯ್, ಇವನ ಹೆದರಿಕೆ ಬಿಡಿಸಾಕೆ ಬಂದ್ಯಾ, ಉಸಿರು ಬಿಡಿಸಾಕೆ ಬಂದ್ಯಾ?" ಎಂದು ಕೂಗಿದಳು.

"ಸರ್ವೇರ್ ಸಾಹೇಬ್ರು ಸೀನ್ತಾ ಇರ್ಲಿ ಅಜ್ಜಿ. ಸೀನೋವಾಗ ಯಾರಾದ್ರೂ ಹೆದರ್ತಾರಾ?" ಎಂದರು ಭಾಯ್, ಬಡಿಯುವುದನ್ನು ನಿಲ್ಲಿಸದೆ. ಸಂಜೆ ಹೆಂಡತಿ ಬಂದು ನನ್ನ ತಲೆ ನೋಡಿ, "ಏನ್ರೀ, ಬೆಳಿಗ್ಗೆ ಬಿಟ್ಟು ಹೋಗೋವಾಗ ಅರ್ಧ ಕೂದಲಾದ್ರೂ ಕರೀಗಿತ್ತು" ಎಂದಳು.

ಅಡಿಕೆ ಮಂಡಿಯ ಗುಮಾಸ್ತರೊಬ್ಬರು ಮಧ್ಯಾಹ್ನದ ಊಟದ ಹೊತ್ತಿಗೆ ಬರುತ್ತಿದ್ದರು. ಬಂದು, ಪೇಪರು ಬಿಡಿಸಿ, ಅದರ ಹಿಂದೆಯೇ ನಿದ್ದೆ ಹೋಗುತ್ತಿದ್ದರು. ಅವರ ಕೈಯಿಂದ ಪೇಪರು ಜಾರದಂತೆ ನಾನು ತೆಗೆದಿಡುತ್ತಿದ್ದೆ. ಹೊತ್ತಾದಾಗ ಎಬ್ಬಿಸುತ್ತಿದ್ದೆ. "ಹೆಂಗಿದೀರಿ ಸಾರ್, ಪರವಾಗಿಲ್ವಾ?" ಎಂದು ಆಕಳಿಸುತ್ತ ಕೇಳಿ ಮಂಡಿಗೆ ಹೋಗುತ್ತಿದ್ದರು. ಅವರು ಮಲಗಿದ್ದಾಗ ನಾನು ಆ ಮನೆಯಲ್ಲಿ ಒಬ್ಬನೇ ಎಚ್ಚರವಾಗಿರುತ್ತಿದ್ದೆ ಎನ್ನುವುದು ನನಗೆ ಬಹಳ ದಿನ ಹೊಳೆಯಲಿಲ್ಲ.

ಬಂದವರಿಗೆಲ್ಲ ನಾನು ನಾಲೆಯ ಕಥೆ ಹೇಳುತ್ತಿದ್ದೆ. ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ಅಳತೆಯ ಕೆಲಸ ಮಾಡಿದವನಾದ್ದರಿಂದ ಏನನ್ನೂ ಬಿಡುತ್ತಿರಲಿಲ್ಲ. ಏರಿಯ ಅಗಲ, ಮಣ್ಣಿನ ಬಣ್ಣ, ನೀರು ಎಲ್ಲಿಂದ ಎಲ್ಲಿಗೆ ಏರಿತು, ಎಲ್ಲ. ಹೇಳುತ್ತ ಹೇಳುತ್ತ ನನಗೆ ಹಗುರಾಗುತ್ತಿತ್ತು. ಕೇಳಿದವರಿಗೆ ಏನಾಗುತ್ತಿತ್ತು ಎಂದು ನಾನು ಯೋಚಿಸಲಿಲ್ಲ.

ಬೇಸಿಗೆ ರಜೆ ಶುರುವಾಯಿತು. ಹೆಂಡತಿ ಮನೆಯಲ್ಲೇ ಇರುತ್ತಿದ್ದಳು. ಇನ್ನು ಒಬ್ಬರೇ ಇರುವ ಅಭ್ಯಾಸ ಮಾಡಬೇಕು ಎಂದು ಆಶಾ ಕಾರ್ಯಕರ್ತೆ ಹೇಳಿದಳು. ಎಲ್ಲರನ್ನೂ ಕರೆದು, "ನಾಳೆ ಬೆಳಿಗ್ಗೆ ತಿಂಡಿ ಆದ ಮೇಲೆ ಯಾರೂ ಕೂರಂಗಿಲ್ಲ. ಟೀಚರೂ ಹೊರಗೆ ಹೋಗ್ತಾರೆ. ಸಾರ್ ಒಬ್ಬರೇ ಇರ್ತಾರೆ, ಚಿಲಕ ಹಾಕ್ಕೊಂಡು" ಎಂದಳು. ಎಲ್ಲರೂ ತಲೆಯಾಡಿಸಿದರು. ಆದರೆ ಅವರ ಮುಖಗಳು ಪೆಚ್ಚಾದದ್ದು ನನಗೆ ಕಾಣಿಸಿತು. ಹುಷಾರಿಲ್ಲದವನನ್ನು ಮನೆಯಲ್ಲಿ ಒಬ್ಬನನ್ನೇ ಬಿಟ್ಟು ಬರುವುದು ನಮ್ಮ ಜನಕ್ಕೆ ತಿಳಿಯದ ವಿದ್ಯೆ.

ಮಾರನೆಯ ದಿನ ಹೆಂಡತಿ ಸಂತೆಚೀಲ ಹಿಡಿದು ಹೋದಳು. ನಾನು ಚಿಲಕ ಹಾಕಿದೆ. ಕುರ್ಚಿಯಲ್ಲಿ ಕೂತೆ. ಪಾದ ತಣ್ಣಗಾಯಿತು. ಡಾಕ್ಟರು ಹೇಳಿದ್ದಂತೆ ಉಸಿರನ್ನು ನಿಧಾನವಾಗಿ ಬಿಡುತ್ತ ಹೋದೆ. ತಣ್ಣಗಿನದು ಮೊಣಕಾಲಿಗೆ ಬಂತು. ಎದ್ದು ಬಾಗಿಲು ತೆಗೆಯಬೇಕೆಂದು ಕೈ ಎತ್ತಿದೆ, ಇಳಿಸಿದೆ. ಆಗ ಹೊರಗೆ ಯಾರೋ ಕೆಮ್ಮಿದರು. ಅದರ ಹಿಂದೆಯೇ ಒಂದು ಪಿಸುಮಾತು ಬಂತು.

"ಕೆಮ್ಮಬ್ಯಾಡ ಭಾಯ್! ಒಳಗೆ ಒಬ್ನೇ ಇದಾನೆ."

"ಹಿಂಜಲು ಅಜ್ಜಿ, ಗಂಟಲಲ್ಲಿ."

"ನುಂಗಿಕೋ."

ಬಾಗಿಲು ತೆಗೆದೆ. ನಮ್ಮ ಕಾಂಪೌಂಡಿನ ಗೋಡೆಗೆ ಒರಗಿಕೊಂಡು, ನೆರಳಿನ ಉದ್ದಕ್ಕೂ, ಇಡೀ ಬಡಾವಣೆ ಕೂತಿತ್ತು. ಅಜ್ಜಿ, ಭಾಯ್, ಮಂಡಿಗೆ ರಜೆ ಹಾಕಿದ ಗುಮಾಸ್ತರು, ಮುಯ್ಯಿಯಲ್ಲಿ ಇಲ್ಲದ ಬಾಡಿಗೆ ಮನೆಯವರು ಕೂಡ. ನಡುವೆ ಪೇಪರಿನ ಮೇಲೆ ಮಂಡಕ್ಕಿ. ಸಂತೆಗೆ ಹೋಗಿದ್ದ ನನ್ನ ಹೆಂಡತಿ ಕೊನೆಯಲ್ಲಿ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಯಾರೂ ಅಲುಗಾಡಲಿಲ್ಲ. ಸಿಕ್ಕಿಬಿದ್ದ ಮಕ್ಕಳ ಹಾಗೆ ನನ್ನನ್ನೇ ನೋಡಿದರು.

ಅಷ್ಟರಲ್ಲಿ ಆಶಾ ಕಾರ್ಯಕರ್ತೆ ಸ್ಕೂಟಿಯಲ್ಲಿ ಬಂದಳು. "ಏನ್ರೀ ಇದು? ಒಬ್ಬರೇ ಇರಬೇಕು ಅಂತ ಹೇಳಿರ್ಲಿಲ್ವಾ ನಾನು?" ಎಂದು ತಲೆಗೆ ಕೈ ಹಚ್ಚಿದಳು.

ಅಜ್ಜಿಗೆ ಸಿಟ್ಟೇ ಬಂತು. "ಅವನು ಒಬ್ನೇ ಇರ್ಲಿ ಅಂತ ತಾನೇ ನೀನಂದಿದ್ದು? ಅವನು ಒಬ್ನೇ ಇದಾನೆ. ನಾವು ಎಲ್ಲಾರೂ ಇದೀವಿ. ಅದಕ್ಕೇನೀಗ?"

ನನಗೆ ನಗು ಬಂತು. ಹೊಟ್ಟೆಯಿಂದ ಎದ್ದು ಬಂದ ನಗು, ತಡೆಯಲು ಹೋದರೆ ಕಣ್ಣಲ್ಲಿ ನೀರು ಬಂತು. ಹೊಸ್ತಿಲ ಮೇಲೆ ಕುಸಿದು ಕೂತು ನಕ್ಕೆ. ಗೋಡೆಯ ಉದ್ದಕ್ಕೂ ನಗು ಹರಿಯಿತು. ಆಶಾ ಕಾರ್ಯಕರ್ತೆ ನಗಬಾರದೆಂದು ತುಟಿ ಕಚ್ಚಿಕೊಂಡು, ಆಗದೆ, ಸ್ಕೂಟಿಯ ಮೇಲೆ ಬಾಗಿ ನಕ್ಕಳು. ಸ್ವಲ್ಪ ಹೊತ್ತಾದ ಮೇಲೆ ನನ್ನ ಕಾಲುಗಳನ್ನು ನೋಡಿಕೊಂಡೆ. ಬೆಚ್ಚಗಿದ್ದವು.

ಆಮೇಲೆ ಅಭ್ಯಾಸ ಸರಿಯಾಗಿ ನಡೆಯಿತು. ಆಶಾ ಕಾರ್ಯಕರ್ತೆ ಅವರನ್ನು ನಮ್ಮ ಗೋಡೆಯಿಂದ ಅಜ್ಜಿಯ ಗೋಡೆಗೆ, ಅಲ್ಲಿಂದ ಮೂಲೆಯ ಶೆಡ್ಡಿಗೆ ಓಡಿಸಿದಳು. ನಾನು ಒಳಗೆ ಚಿಲಕ ಹಾಕಿಕೊಂಡು ಮೊದಲು ಬೆಳಗಿನ ಹೊತ್ತು, ಆಮೇಲೆ ಮಧ್ಯಾಹ್ನದವರೆಗೆ, ಕೊನೆಗೆ ದಿನವಿಡೀ ಇರಲು ಕಲಿತೆ. ತಣ್ಣಗಿನದು ಬರುತ್ತಿತ್ತು, ಮೊಣಕಾಲಿಗೆ ಬಂದು ಹಿಂದಕ್ಕೆ ಹೋಗುತ್ತಿತ್ತು. ಶೆಡ್ಡಿನ ಮುಂದೆ ಕೂತವರು ಕೂತೇ ಇದ್ದರು. ನನ್ನ ನೆಪದಲ್ಲಿ ಅಲ್ಲಿ ಯಾರದೋ ಮಗಳ ಸಂಬಂಧದ ಮಾತಾಯಿತು, ಬಾಡಿಗೆ ಮನೆಯ ಹೆಂಗಸಿಗೆ ರೊಟ್ಟಿ ತಟ್ಟುವುದನ್ನು ಕಲಿಸುವ ಕೆಲಸ ಶುರುವಾಯಿತು. ಭಾಯ್‌ಗೆ ನಾಲ್ಕು ಹಾಸಿಗೆಯ ಕೆಲಸ ಸಿಕ್ಕಿತು.

ಒಂದು ಗಂಟು ಮಾತ್ರ ಬಿಚ್ಚಲಿಲ್ಲ. ನಾನು ಒಬ್ಬನೇ ಇರಬಲ್ಲವನಾದೆ, ಆದರೆ ಹೆಂಡತಿ ಆ ಬಸ್ಸಿನಲ್ಲಿ, ಆ ಏರಿಯ ಮೇಲೆ ಹೋಗುವುದನ್ನು ನೆನೆದರೆ ನೀರು ನನ್ನ ಸೊಂಟಕ್ಕಲ್ಲ, ಅವಳ ಸೊಂಟಕ್ಕೆ ಏರುತ್ತಿತ್ತು. ಶಾಲೆ ತೆರೆಯಲು ಇನ್ನು ಕೆಲವೇ ದಿನ ಉಳಿದಿತ್ತು. ಒಂದು ಸಂಜೆ ಹೇಳಿಯೇಬಿಟ್ಟೆ.

"ನೀನು ಆ ದಾರೀಲಿ ಹೋಗೋದು ಬೇಡ."

ಅವಳು ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಲಿಲ್ಲ. "ಸರಿ ಬಿಡ್ರಿ. ಬೇಡ ಅಂತ ಬರೆದುಕೊಟ್ಟರಾಯ್ತು" ಎಂದಳು. ಆಮೇಲೆ, "ಇಲ್ಲಿಯ ಮಕ್ಕಳೂ ಚೆನ್ನಾಗೇ ಇದಾವೆ" ಎಂದಳು. ಆ ಎರಡನೆಯ ಮಾತು ನನಗೆ ಹೇಳಿದ್ದಲ್ಲ, ತನಗೇ ಹೇಳಿಕೊಂಡದ್ದು. ಮೊರದಲ್ಲಿ ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುತ್ತಿದ್ದಳು.

ಮಾರನೆಯ ಬೆಳಿಗ್ಗೆ ಅಜ್ಜಿ ಬಂದಳು. ಹೊಸ ಸೀರೆ, ಕೈಯಲ್ಲಿ ಬುಟ್ಟಿ, ಬುಟ್ಟಿಯ ಮೇಲೆ ಬಟ್ಟೆ.

"ಹೊರಡು. ನನ್ನ ಮುಯ್ಯಿ ತೀರಿಸು."

"ಎಲ್ಲಿಗಜ್ಜಿ?"

"ಚನ್ನಗಿರಿಗೆ. ಮಗಳ ಮನೆಗೆ. ನನ್ನ ಜೊತೆ ಬಸ್ಸಲ್ಲಿ ಕೂರು."

ನಾನು ಬಾಯಿ ತೆರೆಯುವ ಮೊದಲೇ ಬಯ್ಯತೊಡಗಿದಳು. ನಾನು ನಾಲೆಯ ಕಥೆ ಹೇಳಿದಾಗಿನಿಂದ ಅವಳು ಮಗಳ ಮನೆಗೆ ಹೋಗಿಯೇ ಇರಲಿಲ್ಲ. "ನೀರು ಸೊಂಟಕ್ಕೆ ಬಂತು, ಸೊಂಟಕ್ಕೆ ಬಂತು ಅಂತ ದಿನಾ ಹೇಳಿ ಹೇಳಿ ನನ್ನ ಸೊಂಟಾನೂ ತಣ್ಣಗೆ ಮಾಡ್ದೆ. ಬಸ್‌ಸ್ಟ್ಯಾಂಡಿಗೆ ಎರಡು ಸಲ ಹೋಗಿ ವಾಪಸ್ ಬಂದೀನಿ, ಗೊತ್ತಾ? ಮಗಳು ಫೋನ್ ಮಾಡಿ, ಯವ್ವಾ ನನ್ ಮರೆತ್ಯಾ ಅಂತಾಳೆ. ಅಳಿಯನ ಮುಂದೆ ಏನಂತ ಹೇಳ್ಲಿ? ಎದುರುಮನೆಯವನ ಕಥೆ ಕೇಳಿ ಹೆದರ್ಕೊಂಡೀನಿ ಅಂತ ಹೇಳ್ಲಾ?"

"ನಿಮ್ಮ ಮಗ ಕಾರಲ್ಲಿ ಬಿಡಲ್ವಾ?"

"ಅವನು ಅಲ್ಲಿ ಕಾಫಿ ಆರೋದ್ರೊಳಗೆ ಹೊರಡು ಹೊರಡು ಅಂತಾನೆ. ನಾನು ನಾಕು ದಿನ ಇರಬೇಕು. ಬರ್ತೀಯೋ, ಇಲ್ಲ ಮುಯ್ಯಿ ಮುರಿದ ಅಂತ ಎಲ್ಲಾರಿಗೂ ಹೇಳ್ಲೋ?"

ಹೆಂಡತಿ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದು, "ನಾನೂ ಬರ್ತೀನಿ ಅಜ್ಜಿ, ಇವರೊಬ್ಬರೇ..." ಎಂದಳು.

"ನೀನ್ಯಾಕೆ? ಮುಯ್ಯಿಗೆ ಮನೆಗೊಂದೇ ಆಳು" ಎಂದಳು ಅಜ್ಜಿ.

ಬಸ್‌ಸ್ಟ್ಯಾಂಡಿನವರೆಗೆ ನಡೆದದ್ದು ನೆನಪಿದೆ. ಬಸ್ಸಿನ ಮೆಟ್ಟಿಲು ನೆನಪಿದೆ, ಅದರ ಅಂಚಿನ ತಗಡು ಸವೆದು ಹೊಳೆಯುತ್ತಿತ್ತು. ಕಾಲು ಇಡಲಾಗಲಿಲ್ಲ. ಹಿಂದಿನಿಂದ ಅಜ್ಜಿಯ ಬುಟ್ಟಿ ನನ್ನ ಬೆನ್ನಿಗೆ ಒತ್ತಿತು. ಅದು ಧೈರ್ಯ ಕೊಡುವ ಒತ್ತಲ್ಲ. ಅವಳೂ ನಡುಗುತ್ತಿದ್ದಳು, ಬುಟ್ಟಿಯೊಳಗಿನ ಡಬ್ಬಗಳು ಸದ್ದು ಮಾಡುತ್ತಿದ್ದವು. ನಾನು ಹತ್ತಿದೆ, ಏಕೆಂದರೆ ನಾನು ಹತ್ತದಿದ್ದರೆ ಅವಳು ಮೂರನೆಯ ಸಲ ಮನೆಗೆ ಮರಳುತ್ತಿದ್ದಳು.

ಹೊನ್ನಾಳಿಯಿಂದ ಹೋಗುವಾಗ ನಾಲೆ ಬಲಗಡೆಗೆ ಬರುತ್ತದೆ. ಉಳಿದಿದ್ದ ಸೀಟು ಬಲಗಡೆಯದೇ. ನನ್ನನ್ನು ಕಿಟಕಿಗೆ ತಳ್ಳಿ ಅಜ್ಜಿ ಈಚೆಗೆ ಕೂತಳು. ಊರು ದಾಟಿದ ಕೂಡಲೇ ಕಣ್ಣು ಮುಚ್ಚಿ, ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಬಂತಾ?"

"ಇನ್ನೂ ಇಲ್ಲ."

"ಈಗ?"

"ಇಲ್ಲ ಅಜ್ಜಿ."

ನಾನೂ ಕಣ್ಣು ಮುಚ್ಚಬೇಕೆಂದಿದ್ದೆ. ಆದರೆ ಅವಳು ಕೇಳುತ್ತಲೇ ಇದ್ದಳು. ಯಾರಾದರೂ ಒಬ್ಬರು ನೋಡಿ ಹೇಳಬೇಕಿತ್ತು. ಏರಿ ಬಂತು. ಪಾದ ತಣ್ಣಗಾಯಿತು. "ಬಂತು" ಎಂದೆ. ಅವಳ ಉಗುರು ನನ್ನ ಚರ್ಮಕ್ಕೆ ಹೋಯಿತು.

"ಏನು ಕಾಣ್ತತೆ? ಹೇಳು. ಸುಮ್ನಿರಬ್ಯಾಡ."

ಹೇಳಿದೆ. ನಾಲೆಯಲ್ಲಿ ಅರ್ಧಕ್ಕಿಂತ ಕಡಿಮೆ ನೀರಿದೆ. ಇಬ್ಬರು ಹೆಂಗಸರು ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದಾರೆ. ಒಂದು ಬೆಳ್ಳಕ್ಕಿ ಇದೆ, ಅಲ್ಲ, ಎರಡಿವೆ. ಆ ಜಾಗ ಬರುತ್ತಿದೆ. ಬೇವಿನ ಮರದ ಗುರುತು. ಅಲ್ಲಿ ಕಲ್ಲು ಕಟ್ಟಿದ್ದಾರೆ. ಕಲ್ಲಿಗೆ ಸುಣ್ಣ ಬಳಿದಿದ್ದಾರೆ.

"ಗಟ್ಟಿ ಐತಾ?"

ಬಸ್ಸಿನ ಗಾಲಿಗೂ ಆ ಕಲ್ಲಿಗೂ ನಡುವಿನ ಜಾಗವನ್ನು ನೋಡಿದೆ. ಆ ನೋಟ ನನ್ನ ಕಸುಬಿನದು, ಅದಕ್ಕೆ ಹೆದರಿಕೆ ಗೊತ್ತಿರಲಿಲ್ಲ. ಇನ್ನೊಂದು ಎತ್ತಿನ ಗಾಡಿ ಹಿಡಿಸುವಷ್ಟು ಜಾಗವಿತ್ತು.

"ಗಟ್ಟಿ ಐತೆ ಅಜ್ಜಿ. ಅಗಲಾನೂ ಐತೆ."

ಬಸ್ಸು ಏರಿ ಇಳಿದು ಗದ್ದೆ ಬಯಲಿಗೆ ಬಂತು. ಅಜ್ಜಿ ಒಂದು ಕಣ್ಣು ತೆರೆದಳು, ಆಮೇಲೆ ಇನ್ನೊಂದು. ಹಿಂದಕ್ಕೆ ತಿರುಗಿ ನೋಡಿದಳು. "ಆಯ್ತಾ? ಇಷ್ಟೇನಾ? ಇಷ್ಟು ಸಣ್ಣ ನಾಲೇನ ನೀನು ಹೊಳೆ ಮಾಡಿ ಹೇಳಿದ್ಯಲ್ಲೋ!" ಎಂದು ನನ್ನ ತೋಳಿಗೆ ಹೊಡೆದಳು. ಬುಟ್ಟಿಯ ಬಟ್ಟೆ ಸರಿಸಿ ಮಗಳಿಗೆಂದು ತಂದಿದ್ದ ಕರ್ಜಿಕಾಯಿ ತೆಗೆದು, ಮುಂದಿನ ಸೀಟಿನವರಿಗೂ ಒಂದೊಂದು ಕೊಟ್ಟಳು.

ಮಗಳ ಮನೆಯಲ್ಲಿ ಊಟವಾದ ಮೇಲೆ ನನಗೆ ಹೊಳೆಯಿತು, ಅಜ್ಜಿ ನಾಲ್ಕು ದಿನ ಇರುತ್ತಾಳೆ, ನಾನು ಒಬ್ಬನೇ ಮರಳಬೇಕು ಎಂದು. ಬರುವಾಗ ಅದನ್ನು ಯೋಚಿಸಿರಲೇ ಇಲ್ಲ. ಅವಳೂ ಯೋಚಿಸಿರಲಿಲ್ಲ, ಅದು ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. "ಅಯ್ಯೋ, ಹೌದಲ್ಲೋ" ಎಂದಳು. ಆಮೇಲೆ, "ಬೇಕಾದ್ರೆ ನೀನೂ ನಾಕು ದಿನ ಇಲ್ಲೇ ಇರು" ಎಂದಳು. ಅಳಿಯ ತನ್ನ ಪಂಚೆ ಕೊಡಲು ಎದ್ದೇಬಿಟ್ಟರು.

ನಾನು ಮರಳಿದೆ. ಅದನ್ನು ಹೆಚ್ಚು ಹೇಳಲಾರೆ. ಪಕ್ಕದಲ್ಲಿ ಯಾರೂ ಇರಲಿಲ್ಲ, ಬಂತಾ ಎಂದು ಕೇಳುವವರೂ ಇರಲಿಲ್ಲ. ನಾಲೆಯ ಕಡೆಯ ಕಿಟಕಿಯಲ್ಲಿ ಕೂತು, ಕಂಡದ್ದನ್ನು ಬಾಯೊಳಗೇ ಹೇಳಿಕೊಳ್ಳುತ್ತ ಬಂದೆ. ನೀರು. ಬೆಳ್ಳಕ್ಕಿ ಇಲ್ಲ. ಬೇವಿನ ಮರ. ಸುಣ್ಣದ ಕಲ್ಲು. ಮರಗಳ ನೆರಳು ನೀರಿನ ಮೇಲೆ ಉದ್ದಕ್ಕೆ ಬಿದ್ದಿದೆ. ಎದುರಿನಿಂದ ಲಾರಿ ಬಂತು, ಬಸ್ಸು ಸರಿಯಿತು, ಲಾರಿ ಹೋಯಿತು. ಕೆನ್ನೆಗೆ ತಂಪು ಗಾಳಿ ಬಡಿಯುತ್ತಿತ್ತು.

ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ಹೆಂಡತಿ ನಿಂತಿದ್ದಳು. ಪಕ್ಕದಲ್ಲಿ ಹಾಸಿಗೆ ಭಾಯ್, ಮೈತುಂಬ ಅರಳೆ. ಮಧ್ಯಾಹ್ನದಿಂದಲೂ ಇಬ್ಬರೂ ಅಲ್ಲೇ ಇದ್ದಾರೆ, ಬಂದ ಬಸ್ಸನ್ನೆಲ್ಲ ನೋಡುತ್ತಿದ್ದಾರೆ ಎಂದು ಹೇಳದೆಯೇ ಗೊತ್ತಾಯಿತು. ಹೆಂಡತಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಪ್ಯಾಂಟು ಒಣಗಿದೆಯೇ ಎನ್ನುವಂತೆ ಮೊಣಕಾಲಿನ ಹತ್ತಿರ ಮುಟ್ಟಿಯೂ ನೋಡಿದಳು. ಭಾಯ್ ಹೋಗಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂದರು. ಬೆಂಚಿನ ಮೇಲೆ ಮೂವರೂ ಕೂತು ತಿಂದೆವು. ಬಜ್ಜಿ ಬಹಳ ಖಾರವಿತ್ತು.

"ಬೆಳಿಗ್ಗೆ ಹೋಗುವಾಗ ಬಲಗಡೆ ಕೂತ್ಕೋ" ಎಂದೆ.

ಅವಳು ಬಜ್ಜಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು. "ಯಾರು?"

"ನೀನು. ಬೆಳಿಗ್ಗೆ ಬಲಗಡೆ, ಸಂಜೆ ಬರುವಾಗ ಎಡಗಡೆ. ಎರಡೂ ಹೊತ್ತು ಆ ಕಡೆ ಮರಗಳ ನೆರಳಿರುತ್ತೆ."

"ಅದು ನಾಲೆ ಕಡೆ ಅಲ್ವೇನ್ರೀ?"

"ಹೌದು. ಗಾಳೀನೂ ಅದೇ ಕಡೆಯಿಂದ ಬರೋದು."

ಅವಳು ನನ್ನ ಮುಖವನ್ನೇ ನೋಡಿದಳು. ಖಾರಕ್ಕೋ ಏನೋ, ಕಣ್ಣಲ್ಲಿ ನೀರು ತುಂಬಿತು. ಸೆರಗಿನಿಂದ ಒರೆಸಿಕೊಂಡು, ಟೀಚರ ದನಿ ತಂದುಕೊಂಡು, "ಪ್ರಾರ್ಥನೆಗೆ ಮುಂಚೆ ಅಲ್ಲಿರಬೇಕು. ಅಷ್ಟು ಬೇಗ ಬಸ್ಸು ಇದೆಯೋ ಇಲ್ಲವೋ" ಎಂದಳು.

"ಐತೆ ಮೇಡಂ" ಎಂದರು ಭಾಯ್, ಬಾಯಿ ತುಂಬ ಮಂಡಕ್ಕಿ ಇಟ್ಟುಕೊಂಡೇ. "ಎಂಟೂ ಕಾಲಿಗೆ ಒಂದೈತೆ. ಸಾಹೇಬ್ರನ್ನ ಕಾಯ್ತಾ ಕಾಯ್ತಾ ಕಂಟ್ರೋಲರ್ ಹತ್ರ ಎಲ್ಲಾ ಕೇಳಿಟ್ಕೊಂಡೀನಿ."